ಗೋಣೆಪ್ಪ ಕಡಿದ ವೈರು

ಕತ್ತಲಗೆರೆಯ ಗೋಣೆಪ್ಪನ ಹಣೆಯ ಮೇಲಿನ ಗಾಯದ ಗುರುತು ನೀರಿನ ಜಗಳದ್ದು. ಅವನ ಗದ್ದೆ ನಾಲೆಯ ಕಟ್ಟಕಡೆಯಲ್ಲಿ. ಮೇಲಿನವರು ಕದ್ದು ತೂಬು ತೆರೆದರೆ ಇವನ ಭತ್ತಕ್ಕೆ ಕೆಸರೂ ದಕ್ಕುತ್ತಿರಲಿಲ್ಲ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಸಲಿಕೆ ಹಿಡಿದ. ಒಬ್ಬನ ಹಲ್ಲು ಉದುರಿಸಿದ, ಇನ್ನೊಬ್ಬನ ಮೊಣಕೈ ಮುರಿದ, ತಾನೂ ಹಣೆ ಒಡೆಸಿಕೊಂಡ. ಮಾರನೇ ದಿನ ನೀರು ಬಂತು ನೋಡಿ! ಅಂದಿನಿಂದ ಅವನಿಗೆ ಒಂದೇ ಪಾಠ. ನೀರು ನಿಂತರೆ ಮೇಲೆ ಹೋಗು, ತೆರೆದಿರುವ ತೂಬು ಕಳ್ಳನದು, ಮುಚ್ಚು, ಅಡ್ಡ ಬಂದವನಿಗೆ ಬಾರಿಸು. ಊರಿನವರು ಅವನ ಸಲಿಕೆ ಕಂಡರೆ ದಾರಿ ಬಿಡುತ್ತಿದ್ದರು. ಅದು ಗೌರವವೆಂದೇ ಪುಣ್ಯಾತ್ಮ ತಿಳಿದಿದ್ದ.

ಅಣ್ಣ ಜಯದೇವಪ್ಪನ ಜೊತೆ ಮನೆ ಪಾಲಾಗಿ ನಡುವೆ ಗೋಡೆ ಎದ್ದರೂ ಇಂಟರ್‌ನೆಟ್ ಮಾತ್ರ ಎರಡು ಮನೆಗೂ ಒಂದೇ. ಕಂಬದ ವೈರು ಅಣ್ಣನ ಪಡಸಾಲೆಯ ಡಬ್ಬಿಗೆ ಬರುತ್ತಿತ್ತು. ಅಲ್ಲಿಂದ ಎರಡು ವೈರು ಅಣ್ಣನ ಮಗ ಮಾಲತೇಶನ ಎರಡು ಕಂಪ್ಯೂಟರಿಗೆ. ಮದುವೆ ವಿಡಿಯೋ ಎಡಿಟ್ ಮಾಡುವುದು ಅವನ ಕಸುಬು. ಮೂರನೆಯದು ಗೋಡೆಯ ತೂತಿನಲ್ಲಿ ದಾಟಿ ಗೋಣೆಪ್ಪನ ಮಗಳು ಮೇಘಶ್ರೀಯ ಕಂಪ್ಯೂಟರಿಗೆ.

“ಇಲ್ಲೂ ನಾವೇ ಕೊನೇರು” ಎಂದು ಗೋಣೆಪ್ಪ ಗೊಣಗುತ್ತಿದ್ದ.

ಅವತ್ತು ಬೆಳಿಗ್ಗೆ ಮೇಘಶ್ರೀಗೆ ಕಂಪ್ಯೂಟರಿನಲ್ಲೇ ಕೆಲಸದ ಕೊನೆಯ ಸಂದರ್ಶನ. ನಡುವೆ ನಿಂತುಹೋದರೆ ಮತ್ತೆ ಕರೆಯುವುದಿಲ್ಲವೆಂದು ಕಂಪನಿಯವರು ಮೊದಲೇ ಹೇಳಿದ್ದರು. ಈ ಕೆಲಸ ತಪ್ಪಿದರೆ ತೋರಿಸಿದ ಗಂಡಿಗೆ ಕೊರಳೊಡ್ಡುತ್ತೇನೆಂದು ಅವಳೂ ಹಟದಲ್ಲಿ ಅಂದುಬಿಟ್ಟಿದ್ದಳು. ಗೋಣೆಪ್ಪನಿಗೆ ಮಗಳು ದುಡಿಯಬೇಕೆಂಬ ಆಸೆ, ಅವಳಿಗಿಂತ ಒಂದು ಕೈ ಹೆಚ್ಚೇ.

ಎರಡನೇ ಪ್ರಶ್ನೆಗೇ ಪರದೆಯ ಮೇಲಿನ ಮುಖಗಳು ನಿಂತುಬಿಟ್ಟವು.

“ಅಪ್ಪಾಜಿ! ನೆಟ್ ನಿಂತೇ ಹೋಗ್ತೈತೆ!”

“ಮೇಲಿನೋರು ತಿರುಗಿಸ್ಕಂಡಾರೆ!” ಎಂದವನೇ ಗೋಣೆಪ್ಪ ಮೂಲೆಯ ಸಲಿಕೆ ಎತ್ತಿಕೊಂಡು ಅಣ್ಣನ ಮನೆಗೆ ನುಗ್ಗಿದ.

ಮಾಲತೇಶ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಡಬ್ಬಿಯಿಂದ ಒಂದೇ ಒಂದು ವೈರು ಹೊರಟಿತ್ತು, ಅದರ ಬುಡದಲ್ಲಿ ಹಸಿರು ದೀಪ ಮಿಣುಕುತ್ತಿತ್ತು. ಗೋಣೆಪ್ಪನಿಗೆ ಅಷ್ಟೇ ಕಂಡಿದ್ದು. ತೆರೆದ ತೂಬು!

“ಚಿಕ್ಕಪ್ಪ, ತಡೀರಿ, ನಾನು...”

“ನನ್ ಮಗಳ ಅನ್ನಕ್ಕೆ ಕಲ್ಲು ಹಾಕ್ತೀಯೇನೋ!”

ಸಲಿಕೆಯ ಬೆನ್ನು ಹುಡುಗನ ಹಣೆಗೆ ಬಡಿಯಿತು. ಅವನು ಗೋಡೆಗೆ ಅಪ್ಪಳಿಸಿ ಬಿದ್ದ. ತಡೆಯಲು ಎತ್ತಿದ ಕೈಗೂ ಒಂದು ಬಿತ್ತು, ಮೂಳೆ ಲಟಕ್ಕೆಂದಿತು. ಅಯ್ಯೋ ಶಿವನೇ, ಎತ್ತಿ ಆಡಿಸಿದ ಕೂಸು! ಅದೂ ನೆನಪಾಗಲಿಲ್ಲ. ಗೋಣೆಪ್ಪ ಸಲಿಕೆಯ ಬಾಯಿ ತಿರುಗಿಸಿ ಗೋಡೆಗೆ ಅಂಟಿದ್ದ ಆ ವೈರನ್ನು ಕಚಕ್ಕನೆ ಕಡಿದ. ಹಸಿರು ದೀಪ ಆರಿತು.

ಗೋಡೆಯಾಚೆಯಿಂದ ಮೇಘಶ್ರೀ ಕಿರುಚಿದಳು. “ಈಗಷ್ಟೇ ಸರಿ ಆಗಿತ್ತು ಅಪ್ಪಾಜಿ! ಪೂರ್ತಿ ಹೋಯ್ತು!”

ಮಾಲತೇಶ ಇನ್ನೊಂದು ಕೈ ಬಿಚ್ಚಿದ. ಕಿತ್ತಿದ್ದ ಎರಡು ವೈರುಗಳ ತುದಿ ಅದರಲ್ಲಿದ್ದವು.

“ಮೇಘಂಗೆ ಸಾಲ್ದು ಅಂತ ನನ್ನವು ಎರಡೂ ಕಿತ್ತಿದ್ದೆ. ನೀವು ಕಡಿದದ್ದು ಅವಳದು, ಚಿಕ್ಕಪ್ಪ.”

ಸಲಿಕೆ ಕೈಜಾರಿತು. ಮಾಲತೇಶ ಹಣೆ ಒರೆಸಿಕೊಂಡ ರಕ್ತದ ಕೈಯಲ್ಲೇ ಮೊಬೈಲ್ ತೆಗೆದ. ಅದರಿಂದಲೂ ನೆಟ್ ಕೊಡಬಹುದಿತ್ತು. ಬೆರಳು ಒತ್ತಿದರೆ ಮೊಬೈಲ್ ತೆರೆಯಲಿಲ್ಲ, ಅಷ್ಟು ರಕ್ತ. ಗೋಣೆಪ್ಪ ಹೆಗಲ ಟವೆಲಿನಲ್ಲಿ ಆ ಬೆರಳನ್ನು ಒರೆಸಿದ, ಮತ್ತೆ ಒರೆಸಿದ. ಕೊನೆಗೂ ತೆರೆಯಿತು.

ಅಷ್ಟರಲ್ಲಿ ಮೇಘಶ್ರೀ ಓಡಿಬಂದಳು. ಮಾಲತೇಶಣ್ಣನ ಹಣೆ ನೋಡಿದಳು, ನೇತಾಡುತ್ತಿದ್ದ ಕೈ ನೋಡಿದಳು.

“ನೆಟ್ ಆನ್ ಮಾಡೀನಿ, ತಗಂಡು ಹೋಗು, ಇನ್ನೂ ಕಾಯ್ತಿರ್ತಾರೆ” ಎಂದ ಮಾಲತೇಶ.

ಅವಳು ಮೊಬೈಲ್ ಕಸಿದುಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿದಳು. ಮತ್ತೆ ಕಂಪ್ಯೂಟರಿನ ಕಡೆ ಹೋಗಲಿಲ್ಲ. ದುಪಟ್ಟಾ ಹರಿದು ಅಣ್ಣನ ಹಣೆಗೆ ಒತ್ತಿ ಹಿಡಿದು ಕೂತಳು, ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಗೋಣೆಪ್ಪ ನೆಲಕ್ಕೆ ಕುಸಿದು ಕಡಿದ ವೈರಿನ ಎರಡು ತುದಿ ಹುಡುಕಿಕೊಂಡ. ಒಡೆದ ಒಡ್ಡಿಗೆ ಮಣ್ಣು ಮೆತ್ತಿ ಗೊತ್ತಿದ್ದ ಕೈಗಳು ಎರಡನ್ನೂ ಸೇರಿಸಿ ಬಿಗಿಯಾಗಿ ಗಂಟು ಹಾಕಿದವು.

“ಮೇಘಾ, ಒಂದ್ಸಲ ಹೋಗಿ ನೋಡವ್ವ” ಎಂದ. “ಈಗ ಬಂದೈತೇನೋ.”