ಮಂಚಮ್ಮ ನಂಬಿದ ಕತೆ

ತೆರಕಣಾಂಬಿಯಲ್ಲಿ ಮಂಚಮ್ಮನ ಬಾಯಿಗೆ ಸಿಕ್ಕಿ ಮಾನ ಉಳಿಸಿಕೊಂಡ ಧಾರಾವಾಹಿ ಒಂದೂ ಇಲ್ಲ. ಸಂಜೆ ಪಕ್ಕದ ಮನೆಯ ನೀಲಾವತಿಯ ಟೀವಿ ಮುಂದೆ ಕಾಲು ನೀಡಿ ಕೂತು, ಎಲೆಅಡಿಕೆ ಬಾಯಿಗೆ ಹಾಕಿದಳೆಂದರೆ ಶುರು. “ಮಲಗಕ್ಕೂವೆ ರೇಸ್ಮೆ ಸೀರೆ! ಇವಳ ಮನೇಲಿ ಒಲೆ ಹಚ್ಚಿದ್ದ ಯಾರಾರ ಕಂಡಿದ್ದೀರಾ?” ಎನ್ನುವಳು. ಅತ್ತೆ ಒಂದು ಮಾತಾಡಿದರೆ ಮನೆಮಂದಿಯ ಮುಖವನ್ನೆಲ್ಲ ಮೂರು ಮೂರು ಸಲ ತೋರಿಸುವುದು ಕಂಡರಂತೂ ಮೈ ಉರಿಯುತ್ತಿತ್ತು. “ಬಸುರಿ ಆಗಿ ಎರಡು ಉಗಾದಿ ಕಳೀತು, ಇನ್ನೂ ಹೆತ್ತಿಲ್ಲ. ಇದೇನು ಆನೆ ಗಬ್ಬವಾ?” ಇಷ್ಟು ಬೈದರೂ ಒಂದು ದಿನ ತಪ್ಪಿಸಿದವಳಲ್ಲ, ಅದು ಬೇರೆ ಮಾತು.

ಬೈಗುಳವೆಲ್ಲ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತಿತ್ತು. “ಕತೆ ಅಂದ್ರೆ ಆವತ್ತು ನೀಲಾ ಓದಿದ್ಲಲ್ಲ, ಅದು ಕಣ್ರವ್ವ.” ಅದು ಕಿವಿಗೆ ಬಿದ್ದದ್ದೇ ನೀಲಾವತಿ ಎದ್ದು ಅಡುಗೆಮನೆಗೆ ಹೋಗಿಬಿಡುವಳು.

ಮಂಚಮ್ಮನ ಒಬ್ಬಳೇ ಮಗಳು ಸುಂದ್ರಮ್ಮ, ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡು ಚಾಮರಾಜನಗರ ಸೇರಿದ ವರ್ಷದ ಸಂಗತಿ ಅದು. ಗಂಡ ಸತ್ತಾಗಲೂ ಕುಗ್ಗದ ಹೆಂಗಸು ಅನ್ನ ಬಿಟ್ಟು ಗೋಡೆ ನೋಡುತ್ತ ಕೂತಳು. ಹತ್ತನೇ ಕ್ಲಾಸು ಓದಿದ್ದ ನೀಲಾವತಿ ಅವಳ ಮನಸ್ಸು ತಿರುಗಲೆಂದು ಲೈಬ್ರರಿಯಿಂದ ಒಂದು ಕಾದಂಬರಿ ತಂದಳು. ಮಂಚಮ್ಮ ಹುಣಸೆಹಣ್ಣಿನ ಬೀಜ ಬಿಡಿಸುವುದು, ಇವಳು ದಿನಕ್ಕಿಷ್ಟು ಓದುವುದು. ಅದೂ ಮನೆ ಬಿಟ್ಟುಹೋದ ಮಗಳ, ಹಟ ಹಿಡಿದು ಕೂತ ತಾಯಿಯ ಕತೆಯೇ ಆಗಬೇಕೆ! ನೀಲಾವತಿಗೆ ಅದು ಗೊತ್ತಾಗುವಷ್ಟರಲ್ಲಿ ಮಂಚಮ್ಮ ಪುಸ್ತಕ ಕೆಳಗಿಡಲು ಬಿಡುತ್ತಿರಲಿಲ್ಲ.

ಕೊನೆಯ ಪುಟಗಳು ಬಂದದ್ದು ಒಂದು ಶುಕ್ರವಾರ, ದೀಪ ಹಚ್ಚುವ ಸಮಯಕ್ಕೆ. “ದೀಪದ ಹೊತ್ತು ಕಣಮ್ಮಿ. ಪುರಾಣ ಓದೋರು ಸಾವಲ್ಲಿ ಪುಸ್ತಕ ಮುಚ್ಚಕಿಲ್ಲ, ಮಂಗಳ ಹಾಡೇ ಏಳೋದು. ನೀನೂ ಒಳ್ಳೇದ್ರಲ್ಲಿ ಮುಗಿಸ್ಬುಡು” ಎಂದಳು ಮಂಚಮ್ಮ. ನೀಲಾವತಿಯ ಕಣ್ಣಿಗೆ ಆಗಲೇ ಮುಂದಿನ ಪುಟ ಕಂಡಿತ್ತು. ಮಗಳು ಪರ ಊರಿನಲ್ಲಿ ಹೆರಿಗೆಯಾಗಿ ಸಾಯುತ್ತಾಳೆ, ತಾಯಿ ಹೋಗಿ ಮುಟ್ಟುವುದು ಮಣ್ಣಾದ ಮೇಲೆ. ಹೊಟ್ಟೆಗೆ ಬೆಂಕಿ ಬಿದ್ದವಳ ಮುಂದೆ ಇದನ್ನು ಓದುವುದಾದರೂ ಹೇಗೆ? ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಬಾಯಿಗೆ ಬಂದದ್ದು ಓದಿದಳು. ಒಂದು ಬೆಳಿಗ್ಗೆ ಮಗಳು ಕೂಸು ಎತ್ತಿಕೊಂಡು ತಾನಾಗಿಯೇ ಬಾಗಿಲಿಗೆ ಬಂದಳು, ತಾಯಿ ಆರತಿ ಎತ್ತಿದಳು ಅಂತ. ಮಂಚಮ್ಮ ಗಳಗಳ ಅತ್ತು, ಅವತ್ತು ಹೊಟ್ಟೆ ತುಂಬ ಉಂಡಳು. ಪುಣ್ಯದ ಕೆಲಸ ಮಾಡಿದೆ ಎಂದುಕೊಂಡಳು ನೀಲಾವತಿ.

ಚಾಮರಾಜನಗರವೇನು ಸೀಮೆಯಾಚೆಯೇ? ಬಸ್ಸು ಹತ್ತಿದರೆ ಗಂಟೆಯ ದಾರಿ. ಆದರೆ ಯಾರಾದರೂ ಹೋಗಿ ನೋಡಿಕೊಂಡು ಬಾ ಎಂದರೆ, “ಅವಳೇ ಬತ್ತಾಳೆ ಬುಡಿ, ಕತೇಲಿ ಬರ್ನಿಲ್ವಾ?” ಎನ್ನುವಳು. ಮಗಳಿಗೆ ಹೆಣ್ಣುಮಗುವಾದ ಸುದ್ದಿ ಬಂದಾಗಲೂ ಕದಲಲಿಲ್ಲ. “ಕೂಸಾಯ್ತಲ್ಲ, ಇನ್ನೇನು ಬಂದ್ಲು.” ನೀಲಾವತಿ ನಿಜ ಹೇಳಬೇಕು ಎಂದುಕೊಳ್ಳುತ್ತ, ನಾಳೆ ನಾಡಿದ್ದು ಎನ್ನುತ್ತ, ಏಳು ವರ್ಷ ನುಂಗಿಕೊಂಡಳು.

ಎರಡು ಸಾವಿರದ ಆರರಲ್ಲಿ ಒಂದು ಭಾನುವಾರ ಆ ಕಾದಂಬರಿಯ ಸಿನಿಮಾ ಟೀವಿಗೆ ಬಂತು. ಮಂಚಮ್ಮ ಬೀದಿಯ ಹೆಂಗಸರನ್ನೆಲ್ಲ ಎಳೆತಂದಳು. ಕರೆಂಟು ಹೋಗಲಪ್ಪ ಎಂದು ನೀಲಾವತಿ ಮಾದಪ್ಪನಿಗೆ ಹರಕೆ ಹೊತ್ತಳು. ದಿನಾ ಹೋಗುವ ದರಿದ್ರ ಕರೆಂಟು ಅವತ್ತು ಅಲುಗಲಿಲ್ಲ. “ನೋಡ್ರವ್ವ, ಬಣ್ಣ ಇಲ್ಲ, ಬಡಿವಾರ ಇಲ್ಲ. ಆ ತಾಯಿ ನಮ್ಮಂಗೇ ಹಳೇ ಸೀರೆ ಉಟ್ಟವಳೆ” ಎಂದು ಮಂಚಮ್ಮ ಹಿಗ್ಗುತ್ತಿದ್ದಳು. ಕೊನೆಯಲ್ಲಿ ಚಟ್ಟ ಕಂಡಾಗ ಎದ್ದು ನಿಂತಳು. “ಕೆಡಿಸ್ಬುಟ್ರು! ಇವರ ಕೈ ಸೇದೋಗ! ಅವಳು ಕೂಸು ಎತ್ಕಂಡು ಬತ್ತಾಳೆ ಕಣ್ರವ್ವ. ನೀನಾರ ಹೇಳೇ ನೀಲಾ!”

ಎಲ್ಲರೂ ತಿರುಗಿ ನೋಡಿದರು.

“ಪುಸ್ತಕದಲ್ಲೂ ಇಂಗೇ ಅದೆ ದೊಡ್ಡವ್ವ. ನಾನೇ ಸುಳ್ಳು ಓದ್ದೆ” ಎಂದಳು ನೀಲಾವತಿ.

ಮಂಚಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾರನೆಯ ಬೆಳಿಗ್ಗೆ ರವೆ ಉಂಡೆ ಕಟ್ಟಿಕೊಂಡು ಬಂದು, “ನಡಿ, ಹೋಗನ” ಎಂದಳು ಅಷ್ಟೇ. ಇಬ್ಬರೂ ಮೊದಲ ಬಸ್ಸು ಹತ್ತಿದರು.

ಚಾಮರಾಜನಗರದಲ್ಲಿ ಬಾಗಿಲು ತೆರೆದ ಸುಂದ್ರಮ್ಮ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಚಾಪೆ ಹಾಸಿ ಕಾಫಿ ಕೊಟ್ಟಳು. ಯೂನಿಫಾರಂ ತೊಟ್ಟ ಮಗಳು ಬಂದು ಇವರು ಯಾರವ್ವ ಎಂದಾಗ, “ಊರ ಕಡೆಯೋರು ಕಣಮ್ಮಿ. ನೀನು ಇಸ್ಕೂಲಿಗೆ ಹೊರಡು” ಎಂದಳು. ಮಂಚಮ್ಮ ಚಾಚಿದ ಉಂಡೆಯನ್ನು ಆ ಮಗು ತಾಯಿಯ ಮುಖ ನೋಡಿಕೊಂಡು ತೆಗೆದುಕೊಂಡಿತು.

“ಬಾಣಂತನ ಯಾರು ಮಾಡುದ್ರು ಮಗ?” ಮಂಚಮ್ಮ ಕೇಳಿದಳು.

“ಪಕ್ಕದ ಮನೆಯೋರು. ನೀ ಬತ್ತೀಯ ಅಂತ ದಿನಾ ಬಾಗ್ಲು ನೋಡ್ದೆ. ಆಮೇಲೆ ನೋಡೋದ ಬುಟ್ಬುಟ್ಟೆ.”

ವಾಪಸು ಬರುವ ಬಸ್ಸಿನಲ್ಲಿ ನೀಲಾವತಿ ಅಳುತ್ತ, “ತಪ್ಪಾಯ್ತು ದೊಡ್ಡವ್ವ” ಎಂದಳು.

“ನಾನು ಒಂದು ತುತ್ತು ಉಣ್ಲಿ ಅಂತಲೇ ಓದ್ದೆ, ನಂಗೊತ್ತಿಲ್ವಾ?” ಎಂದಳು ಮಂಚಮ್ಮ. “ಆದ್ರೆ ನೀಲಾ, ನೀನು ಇದ್ದದ್ದ ಇದ್ದಂಗೇ ಓದಿದ್ರೆ, ನಾನು ಮಾರ್ನೆ ದಿನವೇ ಇದೇ ಬಸ್ಸು ಹತ್ತುತಿದ್ದೆ ಕಣಮ್ಮಿ.”