ಗಾಜಿನಂಗಡಿಯವನ ಕಣ್ಣೀರು

ಟೈಲರಮ್ಮನ ಗಂಡ ಅಳುವವರ ಪೈಕಿಯಲ್ಲ. ಗಾಜು ಕೊಯ್ಯುವುದು ಅವನ ಕಸುಬು. ಅಂಗೈ ಸೀಳಿ ಹೊಲಿಗೆ ಹಾಕಿಸಿಕೊಳ್ಳುವಾಗಲೂ ಡಾಕ್ಟರ ಕಿಟಕಿಗೆ ಎಂಥ ಗಾಜು ಹಾಕಿಸಬೇಕೆಂದು ಹೇಳುತ್ತ ಕೂತಿದ್ದವನು. ಹೆತ್ತ ತಾಯಿ ತೀರಿಕೊಂಡ ದಿನ ಬಂದವರಿಗೆಲ್ಲ ಕುರ್ಚಿ ಹಾಕಿಕೊಂಡು ಓಡಾಡಿದ್ದನೇ ಹೊರತು ಕಣ್ಣು ಒದ್ದೆ ಮಾಡಿಕೊಂಡಿರಲಿಲ್ಲ. ಅಂಥವನು ಒಂದು ಭಾನುವಾರದ ಮ್ಯಾಟಿನಿಯಲ್ಲಿ, ಹೆಂಡತಿ ಪಕ್ಕದಲ್ಲಿ ಕೂತಿರುವಾಗಲೇ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಸಿನಿಮಾ, ಪರಸ್ಪರ ಒಲಿದ ಒಂದು ಜೋಡಿಯದು, ಎರಡೂ ಮನೆಯವರು ಸೇರಗೊಡದ ಜೋಡಿ. ಹುಡುಗಿಯನ್ನು ಒಳಗೆ ಕೂಡಿ ಬಾಗಿಲು ಜಡಿಯುತ್ತಾರೆ. ಹುಡುಗ ಒದೆ ತಿಂದರೂ ಹೊಸ್ತಿಲು ಬಿಟ್ಟು ಕದಲುವುದಿಲ್ಲ. ಟೈಲರಮ್ಮ ಆ ಹೊತ್ತಿಗೆ ನಾಯಕಿಯ ತೋಳಿನ ಹೊಲಿಗೆ ಸುಕ್ಕುಗಟ್ಟಿದ್ದನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಸದ್ದಾಯಿತು. ಕೆಮ್ಮು ಹತ್ತಿತೇನೋ ಎಂದು ನೀರಿನ ಬಾಟಲಿ ಚಾಚಿದರೆ, ಗಂಡ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡಿದ್ದಾನೆ.

ಹೊರಗೆ ಬಂದ ಮೇಲೆ ಕೇಳಿದಳು. "ಏನಾಯ್ತ್ರೀ?"

"ಏನಿಲ್ಲ. ಒಳಗಿನ ತಣ್ಣನೆ ಗಾಳಿ ಕಣ್ಣಿಗೆ ಹೊಡೀತು."

"ಗಾಳಿ ಹೊಡೆದ್ರೆ ಬಿಕ್ಕಳಿಕೇನೂ ಬರುತ್ತಾ?"

ಅವನು ಮನೆಯ ದಾರಿ ಹಿಡಿದು ಬಿರಬಿರನೆ ನಡೆದ.

ಟೈಲರಮ್ಮನ ಹೊಟ್ಟೆಯೊಳಗೆ ಅವತ್ತು ಹತ್ತಿದ ಕಿಚ್ಚು ಆರಲೇ ಇಲ್ಲ. ಯಾರಿಗಾಗಿ ಅತ್ತ? ತೆರೆಯ ಮೇಲಿನ ಆ ಹುಡುಗಿಗಾಗಿ ಅಂತೂ ಅಲ್ಲ. ಹೊಲಿಗೆ ಯಂತ್ರ ತುಳಿಯುತ್ತ ಅದೇ ಯೋಚನೆ. ಒಂದು ಕಾಲರನ್ನು ತಿರುವುಮುರುವಾಗಿ ಹೊಲಿದು ಮತ್ತೆ ಬಿಚ್ಚಿದಳು. ತಡೆಯಲಾರದೆ, ಗುಂಡಿ ಹಾಕಿಸಿಕೊಳ್ಳಲು ಬಂದ ನಾದಿನಿಯನ್ನು ಕೇಳಿಯೇಬಿಟ್ಟಳು.

"ನಿಮ್ಮಣ್ಣಂಗೆ ನನಗಿಂತ ಮುಂಚೆ ಯಾರಾದ್ರೂ ಇದ್ರೇನೇ?"

ನಾದಿನಿಯ ಮುಖ ಕೆಂಪಾಯಿತು. "ನಿಮಗ್ಯಾರು ಹೇಳಿದ್ರು ಅತ್ತಿಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ನಾದಿನಿ ಹೇಳಿದಳು: ಮೇಲಿನ ಬೀದಿಯ ಬೇಕರಿಯವಳು. ಅವರ ದೇವರೇ ಬೇರೆ, ನಮ್ಮ ದೇವರೇ ಬೇರೆ. ಎರಡು ಮನೆಯಲ್ಲೂ ರಂಪವಾಯಿತು. "ಹಳೇ ಕಥೆ ಅತ್ತಿಗೆ, ಬಿಟ್ಟಾಕಿ."

ಬಿಟ್ಟುಹಾಕುವುದಾದರೆ ಅದಕ್ಕೆ ಹೊಟ್ಟೆಕಿಚ್ಚು ಅಂತ ಯಾಕೆ ಅನ್ನಬೇಕು? ಮಾರನೆಯ ಬೆಳಿಗ್ಗೆಯೇ ಟೈಲರಮ್ಮ ಬ್ರೆಡ್ಡಿನ ನೆಪ ಹಿಡಿದು ಬೇಕರಿಗೆ ಹೋದಳು. ಅಪ್ಸರೆಯನ್ನೇ ಕಲ್ಪಿಸಿಕೊಂಡಿದ್ದಳು. ಕಂಡದ್ದು ಮೊಣಕೈತನಕ ಹಿಟ್ಟು ಮೆತ್ತಿಕೊಂಡ, ದಪ್ಪ ಸೊಂಟದ, ಬಾಯ್ತುಂಬ ನಗುವ ಒಬ್ಬ ಹೆಂಗಸು. ಅದು ಇನ್ನೂ ಕೆಟ್ಟದ್ದಾಗಿತ್ತು. ಚೆಲುವೆಯಾಗಿದ್ದರೆ, ರೂಪಕ್ಕೆ ಮರುಳಾದ ಎಂದು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

"ನೀವು ಟೈಲರಮ್ಮ ಅಲ್ವಾ?" ಎಂದಳು ಬೇಕರಿಯವಳು. "ನಾನೇ ಬರೋಣ ಅಂತಿದ್ದೆ. ನನಗೊಂದು ಕೋಟು ಹೊಲಿದುಕೊಡಿ ಅಕ್ಕ."

ಸಂಜೆ ಅಳತೆ ಕೊಡಲು ಬಂದಳು. ಅವಳ ಸೊಂಟದ ಸುತ್ತ ಟೇಪು ಹಿಡಿದಾಗ ಟೈಲರಮ್ಮನಿಗೆ ಅನಿಸಿತು, ನನ್ನ ಗಂಡನ ಕೈ ಇಲ್ಲೆಲ್ಲೋ ಇದ್ದಿರಬೇಕು. ಕೋಟು ಹೊಲಿಯುವಾಗ ಕೈ ತಾನಾಗಿಯೇ ಒಳಗೆ ಸರಿಯಿತೋ, ಬೇಕೆಂದೇ ಸರಿಸಿದಳೋ, ಸಡಿಲಕ್ಕೆ ಬಿಡಬೇಕಾದ ಬಟ್ಟೆಯನ್ನೆಲ್ಲ ಹೊಲಿಗೆಯ ಒಳಗೇ ಮಡಚಿಬಿಟ್ಟಳು.

ತೊಟ್ಟು ನೋಡಲು ಬಂದ ದಿನ ಕೋಟು ಹಿಡಿದುಕೊಂಡಿತು. ಬೇಕರಿಯವಳಿಗೆ ಉಸಿರೇ ಎಳೆದುಕೊಳ್ಳಲಾಗಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು ಗಹಗಹಿಸಿ ನಕ್ಕಳು. "ನಿಮ್ಮ ತಪ್ಪಲ್ಲ ಅಕ್ಕ, ನನ್ನ ಬನ್ನಿನ ತಪ್ಪು. ಮಾರಿದ್ದಕ್ಕಿಂತ ತಿಂದದ್ದೇ ಹೆಚ್ಚು."

ಟೈಲರಮ್ಮನಿಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಕೋಟು ಕಳಚಿಸಿಕೊಂಡು ತೊಡೆಯ ಮೇಲೆ ಹರವಿ ಹೊಲಿಗೆ ಬಿಚ್ಚತೊಡಗಿದಳು. ತಲೆ ಎತ್ತದೆಯೇ ಕೇಳಿದಳು. "ಆ ಸಿನಿಮಾ ನೋಡಿದ್ರಾ? ಬಾಗಿಲು ಹಾಕಿದ್ರೂ ಹುಡುಗ ನಿಂತೇ ಇರ್ತಾನಲ್ಲ, ಅದು?"

"ನೋಡ್ದೆ. ಅರ್ಧಕ್ಕೇ ನಿದ್ದೆ ಬಂತು." ಬೇಕರಿಯವಳ ನಗು ಸ್ವಲ್ಪ ಇಳಿಯಿತು. "ನಿಮಗೆ ಗೊತ್ತಾಗಿದೆ ಅಂತ ಅವತ್ತು ಬ್ರೆಡ್ಡಿಗೆ ಬಂದಾಗಲೇ ಅನ್ಕೊಂಡೆ. ಮುಚ್ಚಿಡೋದೇನಿದೆ? ನಮ್ಮಪ್ಪ ಅಂಗಡಿ ಬಾಗಿಲಲ್ಲಿ ಅಡ್ಡ ನಿಂತು, ಹೋಗೋ ಅಂದ್ರು. ಅವ್ರು ಹೋದ್ರು. ನಾನು ಒಳಗೆ ಕಾಯ್ತಾ ಕೂತಿದ್ದೆ. ಒಂದು ಸಲ ತಿರುಗಿ ನೋಡಿದ್ರೂ ಸಾಕಿತ್ತು. ಆಮೇಲೆ ಮದುವೆ, ಮಕ್ಕಳು, ಒಲೆ. ಸಾಕಷ್ಟು ಅತ್ತಾಗಿದೆ ಅಕ್ಕ, ಸಿನಿಮಾಗೆ ಉಳಿದಿಲ್ಲ."

ಇದನ್ನು ಕೇಳಿದರೆ ಟೈಲರಮ್ಮನ ಮನಸ್ಸು ತಣ್ಣಗಾಗಬೇಕಿತ್ತು. ಆಗಲಿಲ್ಲ. ಅವಳಿಗಾಗಿ ಒಬ್ಬ ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ, ಎರಡು ಮನೆ ಹೊತ್ತಿ ಉರಿದಿತ್ತು. ತನ್ನ ಮದುವೆಯಾದರೋ ಒಂದೇ ಮಾತಿನಲ್ಲಿ ಕುದುರಿತ್ತು. ಹುಡುಗ ಒಳ್ಳೆಯವನು, ಹುಡುಗಿ ಕೈಕೆಲಸ ಬಲ್ಲವಳು. ಒಬ್ಬರಾದರೂ ಬೇಡ ಎನ್ನಬೇಕಲ್ಲ! ಜಗಳಗಂಟ ಚಿಕ್ಕಪ್ಪ ಕೂಡ ಅವತ್ತು ತಲೆಯಾಡಿಸಿದ್ದ. ಬೇಡ ಎನ್ನಿಸಿಕೊಂಡ ಆ ಒಂದು ಭಾಗ್ಯಕ್ಕಾಗಿ ಅವಳಿಗೆ ಬೇಕರಿಯವಳ ಮೇಲೆ ಉರಿಯಿತು.

ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದಳು, ಕೋಟು ಬಿಗಿಮಾಡಿದ್ದನ್ನೂ ಸೇರಿಸಿ. ಅವನು ತುತ್ತು ಕೆಳಗಿಟ್ಟ.

"ಅವಳಿಗೋಸ್ಕರ ಅಳಲಿಲ್ಲ ಕಣೇ. ಆ ಹುಡುಗ ನಿಂತ. ನಾನು ನಿಲ್ಲಲಿಲ್ಲ. ಅದಕ್ಕೆ ಅಳು ಬಂತು."

"ನನಗಾಗಿ ನಿಲ್ತಿದ್ರಾ?"

ನಿಲ್ತಿದ್ದೆ ಎಂದು ಸುಳ್ಳು ಹೇಳಿದ್ದರೂ ಅವಳು ನಂಬುತ್ತಿದ್ದಳು. ಅವನು ಯೋಚಿಸಿ ನಿಜವನ್ನೇ ಹೇಳಿದ. "ನಿಮ್ಮನೇಲಿ ಬಾಗಿಲು ತೆಗೆದೇ ಇಟ್ಟಿದ್ರಲ್ಲೇ."

ಅವಳಿಗೆ ನಗುವೂ ಬಂತು, ತಟ್ಟೆ ಎತ್ತಿ ಕುಕ್ಕುವಷ್ಟು ಸಿಟ್ಟೂ ಬಂತು. ಕೋಟನ್ನು ಸಡಿಲ ಮಾಡಿ, ಕೇಳದಿದ್ದರೂ ಒಳಜೇಬೊಂದನ್ನು ಇಟ್ಟು ಕಳಿಸಿಕೊಟ್ಟಳು.

ಅದಾದ ಮೇಲೆ ಒಂದು ದಿನ ಬೇಕರಿಯಿಂದಲೇ ಗಾಜಿನಂಗಡಿಗೆ ಕರೆ ಬಂತು: ಕೇಕು ಇಡುವ ಕಪಾಟಿನ ಗಾಜು ಬಿರುಕು ಬಿಟ್ಟಿದೆ. ಇಷ್ಟು ವರ್ಷ ಆ ಬೀದಿಯ ಕೆಲಸವನ್ನು ಏನೋ ಸಬೂಬು ಹೇಳಿ ಬೇರೆಯವರಿಗೆ ದಾಟಿಸುತ್ತಿದ್ದ ಗಂಡ, ಹೆಂಡತಿಯ ಮುಖ ನೋಡಿದ.

"ಹೋಗಿ, ಯಾರು ಬೇಡ ಅಂದ್ರು?" ಎಂದಳು. ಅಷ್ಟರಲ್ಲೇ ಯಂತ್ರದಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡೂ ಆಗಿತ್ತು. "ಅಷ್ಟು ದೊಡ್ಡ ಗಾಜು, ಇನ್ನೊಂದು ತುದಿ ಯಾರು ಹಿಡೀಬೇಕು? ನಾನೂ ಬರ್ತೀನಿ."

ಗಾಜನ್ನು ಅಡ್ಡಲಾಗಿ ಹಿಡಿದುಕೊಂಡು ಇಬ್ಬರೂ ಮೇಲಿನ ಬೀದಿ ಹತ್ತಿದರು. ಅವನು ಮುಂದೆ, ಅವಳು ಹಿಂದೆ. ಬೇಕರಿಯ ಮೆಟ್ಟಿಲ ಹತ್ತಿರ ಅವನ ಹೆಜ್ಜೆ ಒಂದು ಕ್ಷಣ ತಡವರಿಸಿತು.

"ನಿಲ್ಲಬೇಡಿ ಈಗ," ಎಂದಳು ಟೈಲರಮ್ಮ, "ಕೈ ನೋಯ್ತಿದೆ."