ಸರಿ ಉತ್ತರಕ್ಕೂ ವಿಚಾರಣೆ

ಸಂಧ್ಯಾರಾಣಿ ಧಾರವಾಡದವಳು. ಅಲ್ಲಿನ ಒಂದು ಶಾಲೆಯಲ್ಲಿ ಐದರಿಂದ ಏಳನೆಯ ಇಯತ್ತೆಯವರೆಗೆ ಲೆಕ್ಕ ಕಲಿಸುತ್ತಿದ್ದಳು. ಅವಳು ವರಾಂಡದಲ್ಲಿ ಹಾದು ಹೋದರೆ ಸಾಕು, ಹುಡುಗರ ಬಾಯಿಗೆ ಮಗ್ಗಿ ತಾನಾಗಿ ಬರುತ್ತಿತ್ತು. ಗಂಡ ವೀರೇಂದ್ರನಿಗೆ ಕೆಲಸ ಸಿಕ್ಕಿತೆಂದು ಆಸ್ಟ್ರೇಲಿಯಾಕ್ಕೆ ಬಂದಳು. ಮೊದಲು ಮೆಲ್ಬರ್ನ್, ಅಲ್ಲಿ ಕ್ರಾನ್‌ಬರ್ನ್‌ನ ಶಿಶುವಿಹಾರವೊಂದರಲ್ಲಿ ಮಕ್ಕಳ ಮೂಗು ಒರೆಸುವ ಕೆಲಸ. ಆಮೇಲೆ ಸಿಡ್ನಿ, ಕ್ವೇಕರ್ಸ್ ಹಿಲ್‌ನಲ್ಲಿ ರೆಂಟಿನ ಮನೆ, ಮತ್ತೆ ಓದು, ಮತ್ತೆ ಪರೀಕ್ಷೆ. ಕೊನೆಗೆ ಬ್ಲ್ಯಾಕ್‌ಟೌನ್ ಹತ್ತಿರದ ಪ್ರೈಮರಿ ಶಾಲೆಯೊಂದು ಅವಳನ್ನು ನಾಲ್ಕನೆಯ ತರಗತಿಗೆ ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡಿತು. ವರ್ಷದ ಕೊನೆಗೆ ಡೆಪ್ಯುಟಿ ಪ್ರಿನ್ಸಿಪಾಲ್ ಮಿಸೆಸ್ ಡಾಸನ್ ಬಂದು ಅವಳ ಗಣಿತದ ಪಾಠ ನೋಡುವವರಿದ್ದರು. ಮೆಚ್ಚಿದರೆ ಕೆಲಸ ಖಾಯಂ. ಮೆಚ್ಚದಿದ್ದರೆ ಮತ್ತೆ ಮೂಗು.

ಪಾಠ ಮಾಡಲು ಅವಳಿಗೆ ಭಯವೇನೂ ಇರಲಿಲ್ಲ. ಏಳೆಂಟಲೇ ಐವತ್ತಾರು ಧಾರವಾಡದಲ್ಲೂ ಐವತ್ತಾರೇ, ಸಿಡ್ನಿಯಲ್ಲೂ ಐವತ್ತಾರೇ. ಆದರೆ ಈ ಶಾಲೆಯಲ್ಲಿ ಐವತ್ತಾರು ಎಂದಷ್ಟಕ್ಕೆ ಮಾತು ಮುಗಿಯುತ್ತಿರಲಿಲ್ಲ. ಮಗು ಸರಿ ಹೇಳಲಿ, ತಪ್ಪು ಹೇಳಲಿ, ಅದು ಹೇಗೆ ಬಂತು ಎಂದು ಟೀಚರ್ ಕೇಳಲೇಬೇಕು. ಮಗು ತನ್ನ ತಲೆಯೊಳಗೆ ನಡೆದದ್ದನ್ನೆಲ್ಲ ಬಿಡಿಸಿ ಹೇಳಬೇಕು. ಲೆಕ್ಕ ಮಕ್ಕಳ ತಲೆಗೆ ಹತ್ತುವುದು ಹಾಗೇ ಅಂತೆ.

ಸಂಧ್ಯಾರಾಣಿಗೆ ಆ ಪ್ರಶ್ನೆ ಹೊಸದಲ್ಲ. ಧಾರವಾಡದಲ್ಲಿ ದಿನಾ ಕೇಳುತ್ತಿದ್ದಳು, 'ಹ್ಯಾಂಗ ಬಂತು?' ಅಂತ. ಆದರೆ ಅಲ್ಲಿ ಅದು ಪಕ್ಕದವನ ಹಾಳೆ ನೋಡಿ ಬರೆದವರಿಗೆ ಮೀಸಲಾದ ಪ್ರಶ್ನೆ. ಹುಬ್ಬೇರಿಸಿ, ದನಿ ಇಳಿಸಿ, ಸ್ವಲ್ಪ ಮುಂದಕ್ಕೆ ಬಾಗಿ ಕೇಳಬೇಕು. ಕೇಳಿ ಸುಮ್ಮನೆ ನಿಂತರಾಯಿತು, ಹುಡುಗ ತಾನೇ ಒಪ್ಪಿಕೊಳ್ಳುತ್ತಾನೆ. ಇಲ್ಲಿಯೂ ಅವಳು ಹಾಗೇ ಕೇಳಿದಳು. ಸರಿ ಉತ್ತರ ಕೊಟ್ಟಿದ್ದ ಆಲಿವರ್ ಎಂಬ ಹುಡುಗ ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ಗೊಳೋ ಎಂದು ಅತ್ತು, ತಾನು ಕಾಪಿ ಮಾಡಿಲ್ಲ ಎಂದು ಆಣೆ ಇಟ್ಟ. ಮರುದಿನ ಅವನ ತಾಯಿ ಶಾಲೆಗೆ ಬಂದಳು.

'ಪ್ರಶ್ನೆ ಸರಿಯಾಗಿದೆ,' ಎಂದರು ಮಿಸೆಸ್ ಡಾಸನ್, ಬಹಳ ಮೃದುವಾಗಿ. 'ಮುಖ ಸ್ವಲ್ಪ ಬದಲಾಯಿಸಬಹುದೆ?'

ಮುಖ ಬದಲಾಯಿಸುವ ಅಭ್ಯಾಸ ಮನೆಯಲ್ಲಿ ನಡೆಯಿತು. ವೀರೇಂದ್ರ ಅಡುಗೆಮನೆಯಲ್ಲಿ ಮೆಂತೆ ಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದ. ಅವಳು ಎದುರು ಹೋಗಿ ನಿಂತು, ಹಲ್ಲು ಕಾಣುವಂತೆ ನಕ್ಕು ಕೇಳಿದಳು, 'ಇದು ಹ್ಯಾಂಗ ಬಂತು?'

ವೀರೇಂದ್ರನ ಕೈ ನಿಂತಿತು. 'ನಾ ಈಗ ಏನ್ ಮಾಡೀನಿ?'

'ಏನೂ ಮಾಡಿಲ್ಲ. ಸುಮ್ನ ಕೇಳಿದೆ ರೀ.'

'ನೀ ನಕ್ಕೋತ ಕೇಳಿದ್ರ ಇನ್ನೂ ಅಂಜಿಕಿ ಬರ್ತದ. ಮೊದಲಿನಂಗ ಸಿಟ್ಟಿನಿಂದನ ಕೇಳು.'

ಪಾಠ ನೋಡುವ ದಿನ ಬಂದೇ ಬಂತು. ಮಿಸೆಸ್ ಡಾಸನ್ ಹಿಂದಿನ ಕುರ್ಚಿಯಲ್ಲಿ ಪೆನ್ನು ಹಿಡಿದು ಕೂತರು. ಸಂಧ್ಯಾರಾಣಿ ಬೋರ್ಡಿನ ಮೇಲೆ ಏಳು ಗುಣಿಸು ಎಂಟು ಎಂಬ ಲೆಕ್ಕ ಬರೆದಳು. ಮಕ್ಕಳು ಐವತ್ತಾರು ಎಂದರು. ಅವಳು ಹುಬ್ಬುಗಳನ್ನು ಅಲುಗಾಡಗೊಡದೆ, ಹೇಗೆ ಬಂತೆಂದು ಕೇಳಿದಳು. ಒಬ್ಬ ನಲವತ್ತೊಂಬತ್ತಕ್ಕೆ ಏಳು ಸೇರಿಸಿದ್ದ. ಒಬ್ಬಳು ಎಂಟೆಂಟಾಗಿ ಕೂಡುತ್ತಾ ಹೋಗಿದ್ದಳು. ಯಾರೂ ಅಳಲಿಲ್ಲ. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಿಂದ ಸೀನಾ ಕೈ ಎತ್ತಿದಳು. ಈ ಸೀನಾ ನಮ್ಮ ಕಡೆಯ ಶ್ರೀನಿವಾಸನಲ್ಲ, ಸಮೋವಾ ದ್ವೀಪಗಳ ಕಡೆಯ ಮನೆತನದ ಹುಡುಗಿ.

'ಮಿಸ್, ನಿಮಗೆ ಹೇಗೆ ಬಂತು?'

ಮಿಸೆಸ್ ಡಾಸನ್ ತಲೆ ಎತ್ತಿ ನೋಡಿದರು. ಸಂಧ್ಯಾರಾಣಿಗೆ ಮೊದಲು ಸಿಟ್ಟು ಬಂತು. ಆದರೆ ಸೀನಾಳ ಮುಖದಲ್ಲಿ ಅನುಮಾನವಿರಲಿಲ್ಲ, ತಲೆಹರಟೆಯೂ ಇರಲಿಲ್ಲ. ತಿಳಿದುಕೊಳ್ಳುವ ಆಸೆ ಮಾತ್ರ ಇತ್ತು. ಪುಸ್ತಕದ ವಿವರಣೆ ಸಂಧ್ಯಾರಾಣಿಯ ನಾಲಗೆಯ ತುದಿಯಲ್ಲೇ ಇತ್ತು. ಹುಡುಗಿ ಕೇಳಿದ್ದು ಅದನ್ನಲ್ಲ. ಒಳಗೆ ಹುಡುಕಿದಳು. ಅಲ್ಲಿ ಏಳೆಂಟಲೇ ಐವತ್ತಾರು ಎಂಬ ರಾಗವಿತ್ತು, ಸಾಲಾಗಿ ನಿಂತು ಕೂಗಿದ್ದಿತ್ತು, ತಪ್ಪಿದಾಗ ಅಂಗೈ ಚುರುಗುಟ್ಟಿದ್ದಿತ್ತು. ಬೇರೆ ಏನೂ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು.

'ನನಗೆ ಗೊತ್ತಿಲ್ಲ,' ಎಂದಳು. 'ಹೇಳು ಅಂದರು. ಹೇಳಿದೆ.'

ಸೀನಾ ಎದ್ದು ಬಂದು ಅವಳ ಕೈಯಿಂದ ಮಾರ್ಕರ್ ತೆಗೆದುಕೊಂಡಳು. ಸಾಲಿಗೆ ಎಂಟರಂತೆ ಏಳು ಸಾಲು ಚುಕ್ಕಿ ಇಟ್ಟಳು. ಐದನೆಯ ಸಾಲಿನ ಕೆಳಗೆ ಗೆರೆ ಎಳೆದಳು. 'ಮೇಲಿನದು ನಲವತ್ತು. ಕೆಳಗಿನದು ಹದಿನಾರು. ಈಗ ಬಂತಾ ಮಿಸ್?'

'ಬಂತು,' ಎಂದಳು ಸಂಧ್ಯಾರಾಣಿ.

ಪಾಠ ಮುಗಿದ ಮೇಲೆ ಮಿಸೆಸ್ ಡಾಸನ್ ಅವಳ ಕೈ ಕುಲುಕಿದರು. 'ಆ ಗೊತ್ತಿಲ್ಲ ಅಂದದ್ದಂತೂ ಅದ್ಭುತ! ಮಗುವಿನ ಬಾಯಿಂದಲೇ ಹೇಳಿಸಲು ಎಷ್ಟು ಸಹಜವಾಗಿ ನಟಿಸಿದಿರಿ. ಉಳಿದ ಟೀಚರುಗಳಿಗೂ ನೀವು ಅದನ್ನು ಹೇಳಿಕೊಡಬೇಕು.' ಅದು ನಟನೆಯಲ್ಲ ಎನ್ನಲು ಸಂಧ್ಯಾರಾಣಿ ಬಾಯಿ ತೆರೆದಳು. ಅಷ್ಟರಲ್ಲಿ ಅವರು ಕೆಲಸ ಖಾಯಂ ಎಂದುಬಿಟ್ಟರು. ಅವಳು ಥ್ಯಾಂಕ್ ಯೂ ಎಂದಳು.

ಸಂಜೆ ವೀರೇಂದ್ರನಿಗೆ ಎಲ್ಲ ಹೇಳಿದಳು. ಅವನಿಗೆ ಖುಷಿಯೋ ಖುಷಿ. ಅವಳ ಮುಖ ಮಾತ್ರ ಯಾಕೆ ಹಾಗಿದೆ ಎಂದು ಅವನಿಗೆ ತಿಳಿಯಲಿಲ್ಲ.

'ನಾ ನಾಟಕ ಮಾಡಲಿಲ್ಲ ರೀ. ನನಗ ಖರೇನ ಗೊತ್ತಿರಲಿಲ್ಲ.'

'ಗೊತ್ತಿರಲಿಲ್ಲಂದ್ರ ಏನಾತು? ಉತ್ತರ ಸರಿ ಇತ್ತಲ್ಲ?'

'ಯಾವಾಗಲೂ ಸರಿನ ಇರ್ತಿತ್ತು,' ಎಂದಳು ಸಂಧ್ಯಾರಾಣಿ, ಮತ್ತು ಅವಳಿಗೆ ಅಳು ಬಂದೇ ಬಿಟ್ಟಿತು. 'ಅದಕ್ಕ ನನ್ನ ಯಾರೂ ಏನೂ ಕೇಳಲೇ ಇಲ್ಲ.'